ಆಯುಷ್ಯದ ಬೆಲೆಯೂ ಕಾಲದ ವಟಾವೂ

ಮರಣದ ಅಪಾಯವನ್ನು ತಗ್ಗಿಸುವ ಕಾರ್ಯಕ್ಕೆ ಜನರು ಕಟ್ಟುವ ಬೆಲೆಯು, ಅಪಾಯವು ಎಷ್ಟು ತಗ್ಗುವುದೆಂಬುದರ ಜೊತೆಗೆ, ಎಂದು ತಗ್ಗುವುದೆಂಬುದನ್ನೂ ಅವಲಂಬಿಸಿರುವುದು. ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತಿರುವ ಈ ವಿಚಾರಕ್ಕೆ ಹರಿಹರ, ದಾವಣಗೆರೆಗಳಲ್ಲಿ ಒಳ್ಳೆಯ ನಿದರ್ಶನಗಳು ದೊರೆಯುತ್ತವೆ.

ಹರಿಹರವು ತುಂಗಭದ್ರೆಯ ದಡದಲ್ಲಿರುವ ಊರು. ಸುಮಾರು 14 ಕಿಲೋಮೀಟರು ದೂರದ ದಾವಣಗೆರೆಗೂ ಕುಡಿಯುವ ನೀರಿನ ಒಂದು ಭಾಗವು ಹರಿಹರದ ಬಳಿಯ ರಾಜನಹಳ್ಳಿಯಿಂದಲೇ ಬರುತ್ತದೆ. ಹೊಳೆಯ ನೀರನ್ನು ಸೋಸಿ ಕ್ಲೋರಿನ್ ಬೆರಸಿದರೆ ಕಾಲರಾ, ವಿಷಮಶೀತಜ್ವರಗಳ ಅಪಾಯವು ಆ ವರ್ಷವೇ ತಗ್ಗುವುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಂಗತಿಯು ಬೇರೆ. ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುವ ಈ ಒಲೆಗಳಿಗೆ ಹೊಟ್ಟು, ಕಟ್ಟಿಗೆಗಳೊಡನೆ ಹಳೆಯ ಟೈರುಗಳನ್ನೂ ಹಾಕುತ್ತಿದ್ದುದುಂಟು. ಅಂತಹ ಹೊಗೆಯಿಂದ ಹುಟ್ಟುವ ಶ್ವಾಸಕೋಶದ ವ್ಯಾಧಿಗಳು ಪ್ರಕಟವಾಗುವುದಕ್ಕೆ ಹಲವು ವರ್ಷಗಳು ಬೇಕು. ಹೊಗೆ ನಿಂತರೂ ಅಪಾಯವು ಒಮ್ಮೆಗೇ ನಿಲ್ಲದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ 4 ನಗರಗಳಲ್ಲಿ ದಾವಣಗೆರೆಯೂ ಒಂದು.

ಗಾಳಿಯ ಸೂಕ್ಷ್ಮಕಣಗಳನ್ನು ತಗ್ಗಿಸಿದುದರ ಫಲವನ್ನು ಎಣಿಸುವಾಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಅದನ್ನು 20 ವರ್ಷಗಳಿಗೆ ಹಂಚುವ ಕ್ರಮವನ್ನು ಅನುಸರಿಸಿದೆ: ಮೊದಲನೆಯ ವರ್ಷಕ್ಕೆ ಶೇಕಡಾ 30, ಎರಡರಿಂದ ಐದನೆಯ ವರ್ಷದವರೆಗೆ 50, ಉಳಿದ 15 ವರ್ಷಗಳಿಗೆ 20.

ಅವಧಿಗೆ ಮುಂಚೆ ಹುಂಡಿಯ ಹಣವನ್ನು ಕೊಡುವ ವರ್ತಕನು ವಟಾವನ್ನು ಕಳೆದುಕೊಳ್ಳುವಂತೆ, ಮುಂದೆ ಉಳಿಯುವ ಪ್ರಾಣಕ್ಕೂ ವಟಾವನ್ನು ಕಳೆಯುವುದು ಗಣಕರ ರೂಢಿ. 20 ವರ್ಷಗಳ ಮೇಲೆ ದೊರೆಯುವ 100 ರೂಪಾಯಿಗಳ ಫಲವು, ವರ್ಷಕ್ಕೆ ಶೇಕಡಾ 3ರ ದರದಲ್ಲಿ ಇಂದಿನ 55 ರೂಪಾಯಿಗಳಿಗೆ ಸಮ. ಶೇಕಡಾ 8ರ ದರದಲ್ಲಿ ಕೇವಲ 21ಕ್ಕೆ ಸಮ. ಹೊಗೆ ಕಡಮೆಯಾದ ಒಲೆಗಾಗಿ ಮಾಡುವ ವೆಚ್ಚವು ಒಂದು ದರದಿಂದ ಸಾರ್ಥಕವೆನಿಸಿ ಇನ್ನೊಂದರಿಂದ ವ್ಯರ್ಥವೆನಿಸಬಹುದು.

ಜನರು ನಿಜವಾಗಿ ಹೇಗೆ ಎಣಿಸುವರು? ಅಮೆರಿಕದ ಮನೆತನಗಳನ್ನು ವಿಚಾರಿಸಿ ಮೌರೀನ್ ಕ್ರಾಪರ್ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಉತ್ತರಗಳ ಮಧ್ಯಾಂಕದಂತೆ, ಇಂದು ಉಳಿಯುವ 1 ಪ್ರಾಣಕ್ಕೆ 5 ವರ್ಷಗಳ ಮೇಲೆ ಉಳಿಯುವ 2.3, 100 ವರ್ಷಗಳ ಮೇಲೆ ಉಳಿಯುವ 44 ಪ್ರಾಣಗಳು ಸಮವೆನಿಸಿದುವು. ಮದರಾಸಿನ ಕಾರ್ಮಿಕರ ಕೂಲಿಯನ್ನೂ ಅಪಾಯವನ್ನೂ ಹೋಲಿಸಿ ಕೆ. ಆರ್. ಷಣ್ಮುಗಂ ಅವರು 2006ರಲ್ಲಿ ಪ್ರಕಟಿಸಿದ ದರವು ಶೇಕಡಾ 7.6ರಿಂದ 9.7ರವರೆಗೆ ಇದ್ದು, ಪೇಟೆಯ ಬಡ್ಡಿಗೆ ಸಮೀಪವಾಗಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. 20 ವರ್ಷಗಳಲ್ಲಿ ಮನುಷ್ಯನು ವೃದ್ಧನಾಗುವನು, ಅಥವಾ ಬೇರೆ ಕಾರಣದಿಂದ ತೀರಿಕೊಳ್ಳುವನು. ಅದರಿಂದ ಫಲವು ಕಡಮೆಯಾಗುವುದು ವಾಸ್ತವವಾದ ಎಣಿಕೆ. ಭವಿಷ್ಯವು ದೂರವೆಂಬ ಕಾರಣಕ್ಕೇ ಅದನ್ನು ಕಡಮೆ ಮಾಡುವುದು ಕೇವಲ ಮನೋಧರ್ಮ. ಆ ಮನೋಧರ್ಮವು ಹಲವು ವೇಳೆ ಬಡತನದ ಫಲ. ಒಲೆ ಆರಿದ ದಿನ ಕೂಲಿಯಿಲ್ಲದ ಭಟ್ಟಿಯ ಕೆಲಸಗಾರನು ದೂರದ ರೋಗಕ್ಕಿಂತ ಇಂದಿನ ಅನ್ನವನ್ನು ಹೆಚ್ಚೆಂದು ಬಗೆದರೆ ಅದು ಅಜ್ಞಾನವಲ್ಲ. ಅವನು ಕೊಡಲು ಒಪ್ಪುವ ಅಲ್ಪವಾದ ಹಣವು ಅವನ ಕೈಯ ಬಲವನ್ನು ಅಳೆಯುವುದೇ ಹೊರತು ಅವನ ಆಯುಷ್ಯದ ಬೆಲೆಯನ್ನು ಅಳೆಯದು.

ಆದುದರಿಂದ ಸಾರ್ವಜನಿಕ ಧನವನ್ನು ವಿನಿಯೋಗಿಸುವವರು ಒಬ್ಬೊಬ್ಬನ ಅವಸರದ ದರವನ್ನೇ ಸಮಾಜದ ದರವೆಂದು ಗ್ರಹಿಸುವುದು ಯುಕ್ತವಲ್ಲ. ತಾವು ಆರಿಸಿದ ದರವನ್ನು ಅವರು ಬಹಿರಂಗವಾಗಿ ಹೇಳಬೇಕು. ಇಲ್ಲವಾದರೆ, ನೀರಿನಿಂದ ಈ ವರ್ಷ ಸಾಯುವವನು ಲೆಕ್ಕಕ್ಕೆ ಪೂರ್ಣವಾಗಿ ಸೇರಿ, ಹೊಗೆಯಿಂದ ಮುಂದೆ ಸಾಯುವವನು ಯಾರಿಗೂ ತಿಳಿಯದಂತೆ ಐದರಲ್ಲೊಂದು ಪಾಲಾಗಿಬಿಡುವನು.