‘ನೆಟ್ ಇಲ್ರಿ’ ಅಂದರೆ ಯಾವುದು ಇಲ್ಲ?

‘ನೆಟ್ ಇಲ್ರಿ, ಮಧ್ಯಾಹ್ನದ ಮ್ಯಾಲೆ ಬರ್ರಿ.’ ಬೀಳಗಿ, ಮುಧೋಳ, ಜಮಖಂಡಿ ಕಡೆ ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಪಾಳಿ ಹಚ್ಚಿದವರಿಗೆ ಈ ಮಾತು ಹೊಸದಲ್ಲ. ಇಲ್ಲವಾಗಿರುವುದು ಕೇಬಲ್ಲೋ, ಕಂಪ್ಯೂಟರಿನ ವಿಳಾಸವೋ, ಹೊರಗಿನ ದಾರಿಯೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪರದೆಯ ಮೂಲೆಯ ಚಿಕ್ಕ ಗುರುತು ಇವೆಲ್ಲಕ್ಕೂ ಒಂದೇ ಮುಖ ತೋರಿಸುತ್ತದೆ. ಒಂದೊಂದನ್ನೇ ವಿಚಾರಿಸಬೇಕೆಂದರೆ ಕಮಾಂಡ್ ಲೈನಿನ ಕಪ್ಪು ಪರದೆ ತೆರೆಯಬೇಕು.

ಅದಕ್ಕೂ ಮೊದಲು ಗೋಡೆಯತ್ತ ನೋಡಬೇಕು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ ಭಾರತ್‌ನೆಟ್ ಆಯಿತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು ಅದರ ಗುರಿ. ಫೈಬರ್ ಕಚೇರಿಯೊಳಗೆ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಅದರ ‘ಎಲ್‌ಒಎಸ್’ ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆದ ಜೆಸಿಬಿ ಹರಿದ ಕೇಬಲನ್ನು ಯಾವ ಕಮಾಂಡೂ ಜೋಡಿಸದು.

ದೀಪ ಸರಿಯಿದ್ದರೆ ಟೈಪಿಸಬೇಕಾದ್ದು ‘ಐಪಿಕಾನ್ಫಿಗ್’. ಉತ್ತರದಲ್ಲಿ 192.168 ಅಥವಾ 10ರಿಂದ ಶುರುವಾಗುವ ವಿಳಾಸ ಕಂಡರೆ ಸಾಮಾನ್ಯವಾಗಿ ಸಮಾಧಾನ. ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಟ್ಟ ಅಂಕಿಗಳವು. 169.254 ಎಂದು ಬಂದರೆ ಕಂಪ್ಯೂಟರ್ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ. ಕರೆಂಟ್ ಹೋಗಿ ಬಂದಾಗ ಇದು ಆಗುವುದುಂಟು: ರೂಟರ್ ಕಣ್ಣು ಬಿಡುವ ಮೊದಲೇ ಕಂಪ್ಯೂಟರ್ ಎದ್ದಿರುತ್ತದೆ. ಅದೇ ಕಮಾಂಡಿನ ಮುಂದೆ ‘/ರಿನ್ಯೂ’ ಸೇರಿಸಿದರೆ ಮತ್ತೆ ಕೇಳುತ್ತದೆ. ಎಷ್ಟೋ ‘ನಾಳೆ ಬರ್ರಿ’ಗಳು ಇಲ್ಲಿಗೇ ಮುಗಿಯಬಹುದು.

ಮುಂದಿನ ಪ್ರಶ್ನೆ ಗೇಟ್‌ವೇಯದು. ಬೀಳಗಿಯಿಂದ ಬಾಗಲಕೋಟೆಗೆ ಹೊರಟ ಬಸ್ಸು ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ ದಾಟುವಂತೆ, ಕಚೇರಿಯಿಂದ ಹೊರಡುವ ಮಾಹಿತಿಯೆಲ್ಲ ಗೇಟ್‌ವೇ ದಾಟಿಯೇ ಹೋಗಬೇಕು. ಗೇಟ್‌ವೇಯ ವಿಳಾಸಕ್ಕೊಂದು ‘ಪಿಂಗ್’ ಕೊಟ್ಟರೆ ಸೇತುವೆಯವರೆಗಿನ ದಾರಿ ಹೇಗಿದೆಯೆಂದು ತಿಳಿಯುತ್ತದೆ. ಅಮೆರಿಕದ ಮೈಕ್ ಮ್ಯೂಸ್ 1983ರಲ್ಲಿ ಬರೆದ ಈ ಚಿಕ್ಕ ಪ್ರೋಗ್ರಾಂ ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. ಆಮೇಲೆ ಗೂಗಲ್‌ನ 8.8.8.8ಕ್ಕೆ ಪಿಂಗ್. ಅದು ಉತ್ತರಿಸಿಯೂ ವೆಬ್‌ಸೈಟ್ ತೆರೆಯದಿದ್ದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಮೇಲೆ ಅನುಮಾನ ಪಡಬೇಕು. ‘ಎನ್ಎಸ್‌ಲುಕಪ್’ ಅದನ್ನು ಖಚಿತ ಮಾಡುತ್ತದೆ. ಪಿಂಗ್ ಸುಮ್ಮನಿದ್ದ ಮಾತ್ರಕ್ಕೆ ದಾರಿ ಕಟ್ಟಾಗಿದೆ ಎನ್ನಲೂ ಬಾರದು. ಕೆಲವು ಜಾಲಗಳು ಬೇಕೆಂದೇ ಅದನ್ನು ತಡೆದಿರುತ್ತವೆ.

ಇಂಥ ಊರುಗಳಿಗೆ ಕಪ್ಪು ಪರದೆಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ವಾದ. ಬಾಗಲಕೋಟೆಯಲ್ಲಿ ಕುಳಿತ ತಂತ್ರಜ್ಞ ಫೋನಿನಲ್ಲಿ ‘ಬಲಗಡೆ ಮೂರನೇದು ಒತ್ರಿ’ ಅಂದರೆ, ಇಲ್ಲಿಯ ವಿಂಡೋಸ್‌ನಲ್ಲಿ ಮೂರನೆಯದು ಬೇರೆಯೇ ಇರುತ್ತದೆ. ಕಮಾಂಡಾದರೆ ಒಂದು ಸಾಲು. ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದು, ಬಂದ ಉತ್ತರದ ಫೋಟೊ ತೆಗೆದು ತಿರುಗಿ ಕಳಿಸಬಹುದು. ಅಕ್ಷರಗಳೆಲ್ಲ ಇಂಗ್ಲಿಷಿನವೇ ಎಂಬ ತಕರಾರು ನಿಜ. ಹಳೆಯ ಕಮಾಂಡ್ ಪ್ರಾಂಪ್ಟ್ ಕನ್ನಡದ ಒತ್ತಕ್ಷರ ಕಂಡರೆ ಇವತ್ತಿಗೂ ತಡವರಿಸುತ್ತದೆ, ಅದು ನಾಚಿಕೆಯ ಸಂಗತಿ. ಆದರೂ ಕಲಿಯಬೇಕಾದ್ದು ನಾಲ್ಕೈದು ಶಬ್ದ ಮಾತ್ರ.

ನೋಡುವುದು ಬೇರೆ, ಬದಲಿಸುವುದು ಬೇರೆ. ವಿಂಡೋಸ್‌ನಲ್ಲಿ ‘ನೆಟ್‌ಶ್’ನಿಂದ ಕೊಟ್ಟ ಸ್ಥಿರ ವಿಳಾಸ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ ‘ಐಪಿ’ ಕಮಾಂಡಿನಿಂದ ಕೊಟ್ಟದ್ದು ಕಂಪ್ಯೂಟರ್ ಬಂದ್ ಆದೊಡನೆ ಹೋಗುತ್ತದೆ. ಉಳಿಯಬೇಕೆಂದರೆ ‘ಎನ್ಎಂಸಿಎಲ್ಐ’ ಬಳಸಬೇಕು. ಎರಡರಲ್ಲೂ ಒಂದು ಎಚ್ಚರ: ರೂಟರ್ ತಾನಾಗಿ ಹಂಚುವ ಅಂಕಿಗಳಲ್ಲೇ ಒಂದನ್ನು ಎತ್ತಿ ಪ್ರಿಂಟರಿಗೆ ಕಾಯಂ ಮಾಡಬಾರದು. ರೂಟರ್ ಅದೇ ಅಂಕಿಯನ್ನು ಇನ್ನೊಂದು ಕಂಪ್ಯೂಟರಿಗೆ ಕೊಟ್ಟ ದಿನ ಪ್ರಿಂಟೂ ಬರುವುದಿಲ್ಲ, ನೆಟ್ಟೂ ಇರುವುದಿಲ್ಲ.