ತಲೆಬುರುಡೆಯ ಹೊಲಿಗೆಗಳು

ಹಸುಗೂಸಿನ ನೆತ್ತಿಯ ಮೇಲೆ ಮೆಲ್ಲನೆ ಬೆರಳಿಟ್ಟರೆ ಅಲ್ಲಿ ಎಲುಬಿಲ್ಲದ ಮೆತ್ತನೆಯ ಜಾಗವೊಂದು ನಾಡಿಯೊಡನೆ ಮಿಡಿಯುವುದು ತಿಳಿಯುತ್ತದೆ. ನಮ್ಮ ಮನೆಗಳ ಅಜ್ಜಿಯರು ಹರಳೆಣ್ಣೆ ಹಚ್ಚುವುದು ಅಲ್ಲಿಗೇ. ದೊಡ್ಡವರಲ್ಲಿ ಒಂದೇ ಚಿಪ್ಪಿನಂತೆ ತೋರುವ ಬುರುಡೆಯು ಹುಟ್ಟುವಾಗ ಹಾಗಿರುವುದಿಲ್ಲ. ಹಣೆಯ ಎರಡು, ಪಕ್ಕಗಳ ಎರಡು, ಹಿಂದಲೆಯ ಒಂದು, ಹೀಗೆ ಬಿಡಿಬಿಡಿಯಾದ ಎಲುಬಿನ ಹಲಗೆಗಳು ನಾರಿನಂಥ ಪಟ್ಟಿಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಪಟ್ಟಿಗಳನ್ನು ನಾವು ಹೊಲಿಗೆಗಳೆಂದು ಕರೆಯೋಣ.

ಈ ಹೊಲಿಗೆಗಳು ಏತಕ್ಕೆ? ಹೆರಿಗೆಯಲ್ಲಿ ಹಲಗೆಗಳು ತುಸು ಒಂದರ ಮೇಲೊಂದು ಸರಿದು ತಲೆ ಹೊರಬರಲು ನೆರವಾಗುತ್ತವೆ, ನಿಜ. ಆದರೆ ದೊಡ್ಡ ಕೆಲಸ ಆಮೇಲಿನದು. ಹುಟ್ಟಿದಾಗ ಸುಮಾರು 350 ಗ್ರಾಂ ತೂಗುವ ಮೆದುಳು ಒಂದೇ ವರ್ಷದಲ್ಲಿ ಎರಡು ಪಟ್ಟನ್ನು ಮೀರುತ್ತದೆ. ಅದು ಒಳಗಿನಿಂದ ಹಿಗ್ಗಿದಂತೆಲ್ಲ ಹೊಲಿಗೆಯ ಎರಡು ಅಂಚುಗಳಲ್ಲಿಯೂ ಹೊಸ ಎಲುಬು ಕೂಡುತ್ತದೆ. ನಡುವಣ ಪಟ್ಟಿ ಮಾತ್ರ ಎಲುಬಾಗದೆ ಉಳಿಯುತ್ತದೆ. ಅದೂ ಎಲುಬಾಗಿಬಿಟ್ಟರೆ ಆ ದಿಕ್ಕಿನಲ್ಲಿ ಬೆಳವಣಿಗೆ ನಿಂತಂತೆಯೇ.

ಕೆಲವು ಶಿಶುಗಳಲ್ಲಿ ಆಗುವುದು ಇದೇ. 1906ರಲ್ಲಿ ಫ್ರಾನ್ಸಿನ ವೈದ್ಯ ಯೂಜೀನ್ ಅಪೇರ್ ಇಂಥವರನ್ನು ವರ್ಣಿಸಿದನು. ಆತನ ಹೆಸರನ್ನೇ ಹೊತ್ತಿರುವ ಈ ಅವಸ್ಥೆಯಲ್ಲಿ, ಒಂದು ಕಿವಿಯ ಕಡೆಯಿಂದ ಇನ್ನೊಂದು ಕಿವಿಯ ಕಡೆಗೆ ತಲೆಯ ಮೇಲೆ ಹಾಯುವ ಹೊಲಿಗೆಯು ಗರ್ಭದಲ್ಲಿಯೇ ಬೆಸೆದುಹೋಗುತ್ತದೆ. ಹಿಂದುಮುಂದಾಗಿ ಬೆಳೆಯಲಾರದ ತಲೆ ಮೇಲಕ್ಕೆ ಏರುತ್ತದೆ. ಮುಖದ ನಡುಭಾಗ ಒಳಸರಿದು, ಕಣ್ಣುಗುಳಿಗಳು ಆಳವಿಲ್ಲದೆ, ಕಣ್ಣುಗಳು ಮುಂಚಾಚುತ್ತವೆ. ಕೈಕಾಲುಗಳ ಬೆರಳುಗಳೂ ಕೂಡಿಕೊಂಡಿರುತ್ತವೆ. ಸುಮಾರು 65,000 ಜನನಗಳಿಗೆ ಒಂದು ಎಂಬುದು ಒಂದು ಎಣಿಕೆ.

ಕಾರಣ ತಿಳಿಯಲು 1995ರವರೆಗೆ ಕಾಯಬೇಕಾಯಿತು. ಹತ್ತನೆಯ ವರ್ಣತಂತುವಿನಲ್ಲಿ ಎಫ್‌ಜಿಎಫ್‌ಆರ್-2 ಎಂಬ ಜೀನು ಇದೆ. ಅದು ಹೇಳಿದಂತೆ ತಯಾರಾಗುವ ಪ್ರೋಟೀನು ಜೀವಕೋಶದ ಹೊರಮೈಯಲ್ಲಿ ನಿಂತು, ಬೆಳವಣಿಗೆಯ ಸಂದೇಶವಸ್ತುಗಳನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಪೇರ್ ಅವಸ್ಥೆಯುಳ್ಳ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಈ ಪ್ರೋಟೀನಿನ 252ನೆಯ ಅಥವಾ 253ನೆಯ ಅಮೈನೋ ಆಮ್ಲ ಬದಲಾಗಿರುತ್ತದೆ. ಸುಮಾರು 300 ಕೋಟಿ ಅಕ್ಷರಗಳ ಬರಹದಲ್ಲಿ ಒಂದು 'ಸಿ' ಇದ್ದೆಡೆ 'ಜಿ' ಬಂದಿದೆ, ಅಷ್ಟೇ! ಆದರೆ ಅದರಿಂದ ಪ್ರೋಟೀನು ಸಂದೇಶವಸ್ತುವನ್ನು ಹಿಡಿದ ಮೇಲೆ ಬೇಗ ಬಿಡದು; ಹೊಲಿಗೆಯ ಕೋಶಗಳು ತಮ್ಮ ಕಾಲ ಬರುವ ಮೊದಲೇ ಎಲುಬಾಗತೊಡಗುತ್ತವೆ.

ಇಲ್ಲಿಂದ ಮುಂದಿನದು ನಮಗೆ ಇನ್ನೂ ಸೋಜಿಗದ ಕಥೆ. ಇಂಥ ಮಕ್ಕಳ ತಂದೆತಾಯಿಗಳಿಬ್ಬರೂ ಸಾಮಾನ್ಯವಾಗಿ ದೋಷವಿಲ್ಲದವರು. ಬದಲಾವಣೆ ಹೊಸದಾಗಿ ಹುಟ್ಟಿದ್ದು. ಎಲ್ಲಿ? 1996ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು 57 ಕುಟುಂಬಗಳಲ್ಲಿ ಹುಡುಕಿದಾಗ, 57ರಲ್ಲಿಯೂ ಅದು ತಂದೆಯಿಂದ ಬಂದ ವರ್ಣತಂತುವಿನಲ್ಲಿಯೇ ಇತ್ತು. ಅದಲ್ಲದೆ, ಒಂದು ಅಕ್ಷರ ತಾನಾಗಿ ತಪ್ಪುವ ಸಂಭವಕ್ಕಿಂತ ಈ ತಪ್ಪು ನೂರಾರು ಪಟ್ಟು ಹೆಚ್ಚಾಗಿ ಕಾಣುತ್ತದೆ. ಆ ಎಡೆಯೇ ತಪ್ಪಿಗೆ ಸುಲಭವಾದುದೋ? ಹಾಗಿದ್ದರೆ ತಪ್ಪಿದ ಕೋಶಗಳು ವೃಷಣದ ತುಂಬ ಸಮನಾಗಿ ಚೆದುರಿರಬೇಕು. 2007ರಲ್ಲಿ ಅಮೆರಿಕದ ವಿಜ್ಞಾನಿಗಳು, ತೀರಿಕೊಂಡವರ ವೃಷಣಗಳನ್ನು ಚಿಕ್ಕಚಿಕ್ಕ ತುಣುಕುಗಳಾಗಿಸಿ ಒಂದೊಂದನ್ನೂ ಪರೀಕ್ಷಿಸಿದರು. ತಪ್ಪಿದ ಕೋಶಗಳು ಕೆಲವೇ ತುಣುಕುಗಳಲ್ಲಿ ಗುಂಪುಗೂಡಿದ್ದವು! ಒಮ್ಮೆ ತಪ್ಪಿದ ಮೂಲಕೋಶವು ನೆರೆಯವನ್ನು ಮೀರಿ ಸಂತಾನ ಬೆಳೆಸಿಕೊಂಡಿತ್ತು. ಬುರುಡೆಗೆ ಕೆಡುಕಾದ ಅಕ್ಷರವೇ ವೃಷಣದ ಕೋಶಕ್ಕೆ ಲಾಭವಾಯಿತು. ಗಂಡಿನಲ್ಲಿ ಈ ಕೋಶಗಳು ಜೀವಮಾನವಿಡೀ ಒಡೆಯುತ್ತಲೇ ಇರುವುದರಿಂದ ತಂದೆಯ ವಯಸ್ಸು ಏರಿದಂತೆ ಸಂಭವವೂ ಏರುತ್ತದೆ.

ಹಾಗೆಂದು ತಂದೆಯನ್ನು ದೂರುವಂತಿಲ್ಲ. ಯಾರೂ ಇಚ್ಛಿಸಿ ಮಾಡಿಕೊಂಡದ್ದಲ್ಲ ಇದು. ಆದರೆ ನಮ್ಮಲ್ಲಿ ಮಗುವಿನ ಮುಖದಲ್ಲಿ ಏನೇ ಭೇದ ಕಂಡರೂ ಮೊದಲು ಬೆರಳು ತಿರುಗುವುದು ತಾಯಿಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳು, ಕತ್ತರಿ ಹಿಡಿದಳು ಎಂದು ಆಕೆಯನ್ನು ಹಳಿದ ಮನೆಗಳೆಷ್ಟೋ! ಇಲ್ಲಿ ನೋಡಿದರೆ, ಆಕೆಯ ಹೊಟ್ಟೆಯಲ್ಲಿ ಮಗು ಮೂಡುವ ಮೊದಲೇ, ಆಕೆ ಅರಿಯದ ಬೇರೊಂದು ದೇಹದಲ್ಲಿ ಆ ಅಕ್ಷರ ಬದಲಾಗಿತ್ತು.

ಬಿಸಿಲಿಗೆ ಒಡ್ಡುವುದರಿಂದಾಗಲಿ ತಲೆ ತಿಕ್ಕುವುದರಿಂದಾಗಲಿ ಬೆಸೆದ ಹೊಲಿಗೆ ಬಿಚ್ಚದು. ಶಸ್ತ್ರವೈದ್ಯರು ಬುರುಡೆಯ ಎಲುಬನ್ನು ಬಿಡಿಸಿ ಮೆದುಳಿಗೆ ಎಡೆ ಮಾಡಿಕೊಡುತ್ತಾರೆ. ಇದನ್ನು ಬಹುಮಟ್ಟಿಗೆ ಮೊದಲ ವರ್ಷದಲ್ಲಿಯೇ ಮಾಡುವುದುಂಟು. ಕೂಡಿದ ಬೆರಳುಗಳನ್ನೂ ಬೇರ್ಪಡಿಸುತ್ತಾರೆ. ಮುಖದ ನಡುಭಾಗವನ್ನು ಮುಂದಕ್ಕೆ ತರುವ ಕೆಲಸ ಮಗು ಬೆಳೆದ ಮೇಲಿನದು. ಅದೇ ತಂದೆತಾಯಿಗಳಿಗೆ ಮತ್ತೆ ಇಂಥ ಮಗು ಹುಟ್ಟುವ ಸಂಭವ ಬಹಳ ಕಡಿಮೆ. ಆ ಮಗುವೇ ಬೆಳೆದು ಸಂಸಾರ ಹೂಡಿದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಆ ಅಕ್ಷರ ಇಳಿಯುವ ಸಂಭವ ಎರಡರಲ್ಲಿ ಒಂದು.