ಹೆಸರಿಲ್ಲದ ಹಕ್ಕು: ಅಮೆರಿಕದ ನ್ಯಾಯಾಲಯಗಳಲ್ಲಿ ಭಾಷೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನವು ದೇಶದ ಭಾಷೆ ಯಾವುದೆಂಬುದನ್ನು ಎಲ್ಲಿಯೂ ಹೇಳುವುದಿಲ್ಲ. ಎರಡು ಶತಮಾನಗಳಿಗೂ ಮೀರಿ ಇಂಗ್ಲಿಷು ಅಲ್ಲಿ ಬಳಕೆಯ ಬಲದಿಂದಲೇ ಆಳಿತು. ಒಕ್ಕೂಟದ ಮಟ್ಟದಲ್ಲಿ ಅದಕ್ಕೆ ಅಧಿಕೃತ ಭಾಷೆಯ ಪಟ್ಟ ದೊರೆತದ್ದು 2025ರ ಮಾರ್ಚ್ 1ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಹೊರಡಿಸಿದ ಕಾರ್ಯಾದೇಶದ ಮೂಲಕ. ಇಂಗ್ಲಿಷು ಚೆನ್ನಾಗಿ ಬಾರದವರಿಗೂ ಸರಕಾರಿ ಸೇವೆಗಳು ಅರ್ಥವಾಗುವಂತೆ ದೊರೆಯಬೇಕೆಂದು 2000ದ ಆಗಸ್ಟ್‌ನಲ್ಲಿ ಬಿಲ್ ಕ್ಲಿಂಟನ್ ಅವರು ಹೊರಡಿಸಿದ್ದ ಆದೇಶವನ್ನು ಈ ಹೊಸ ಆದೇಶವು ರದ್ದುಗೊಳಿಸಿತು. ಅನ್ಯಭಾಷೆಗಳಲ್ಲಿ ಈಗಾಗಲೇ ನೀಡುತ್ತಿರುವ ಸೇವೆಯನ್ನು ನಿಲ್ಲಿಸಲೇಬೇಕೆಂದು ಅದು ಹೇಳಲಿಲ್ಲ. ಮುಂದುವರಿಸುವುದೂ ಬಿಡುವುದೂ ಆಯಾ ಇಲಾಖೆಯ ಮುಖ್ಯಸ್ಥರ ವಿವೇಚನೆಗೆ ಬಂತು.

ಸಮಾನಭಾಷೆಯೊಂದು ಜನರನ್ನು ಒಂದುಗೂಡಿಸುತ್ತದೆ, ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಇದನ್ನು ಈಗಾಗಲೇ ಒಪ್ಪಿವೆ ಎಂಬುದು ಆದೇಶದ ಪರವಾದ ವಾದ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ನೆರೆ ಬಿರುಗಾಳಿಗಳ ಹೊತ್ತಿನಲ್ಲಿ ಮಾತು ತಿಳಿಯದವರ ಗತಿಯೇನು ಎಂಬುದು ವಿರೋಧಿಗಳ ಪ್ರಶ್ನೆ. ಈ ವಾಗ್ವಾದಕ್ಕಿಂತ ಗಮನಾರ್ಹವಾದುದು ಅದರ ಅಡಿಯಲ್ಲಿರುವ ಕಾನೂನಿನ ಪ್ರಶ್ನೆ. ಒಬ್ಬ ಅಧ್ಯಕ್ಷರ ಸಹಿಯಿಂದ ಬಂದ ರಕ್ಷಣೆ ಇನ್ನೊಬ್ಬರ ಸಹಿಯಿಂದ ಹೋಯಿತೆಂದರೆ, ಅಮೆರಿಕದಲ್ಲಿ ಭಾಷೆಯ ಹಕ್ಕು ನಿಂತಿರುವ ನೆಲ ಯಾವುದು? ಭಾಷೆ ಅಲ್ಲಿ ತನ್ನ ಹೆಸರಿನಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಅಪರೂಪ. ಪ್ರತಿಸಲವೂ ಬೇರೊಂದು ಹಕ್ಕಿನ ಕೈಹಿಡಿದೇ ಹೋಗಿದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಭಾಷೆಯ ಮೇಲೆ ಎದ್ದ ದ್ವೇಷದ ಫಲವಾಗಿ ನೆಬ್ರಾಸ್ಕ ರಾಜ್ಯವು 1919ರಲ್ಲಿ ಒಂದು ಶಾಸನ ಮಾಡಿತು. ಯಾವ ಶಾಲೆಯಲ್ಲಿಯೂ ಇಂಗ್ಲಿಷಲ್ಲದ ಮಾಧ್ಯಮದಲ್ಲಿ ಪಾಠ ಹೇಳಕೂಡದು; ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಅನ್ಯಭಾಷೆಯನ್ನು ಕಲಿಸಲೂ ಕೂಡದು. ಲೂಥರನ್ ಪಂಥದ ಶಾಲೆಯ ಉಪಾಧ್ಯಾಯ ರಾಬರ್ಟ್ ಮೇಯರ್ ಅವರು ಹತ್ತು ವರ್ಷದ ಬಾಲಕನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದು ಕಲಿಸಿ ಸಿಕ್ಕಿಬಿದ್ದರು. ದಂಡ 25 ಡಾಲರ್. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1923ರ ಜೂನ್‌ನಲ್ಲಿ ಶಾಸನ ಬಿದ್ದುಹೋಯಿತು.

ಭಾಷಾಭಿಮಾನಿಗಳು ಈ ತೀರ್ಪನ್ನು ವಿಜಯವೆಂದು ಸ್ಮರಿಸುವುದುಂಟು. ಆದರೆ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಬರೆದುದನ್ನು ನಿಧಾನವಾಗಿ ಓದಬೇಕು. ಅಲ್ಲಿ ಗೆದ್ದದ್ದು ಜರ್ಮನ್ ಭಾಷೆಯಲ್ಲ. ಉಪಾಧ್ಯಾಯನ ವೃತ್ತಿಸ್ವಾತಂತ್ರ್ಯ ಮತ್ತು ಮಕ್ಕಳಿಗೆ ಏನನ್ನು ಕಲಿಸಬೇಕೆಂದು ತೀರ್ಮಾನಿಸುವ ತಂದೆತಾಯಿಗಳ ಸ್ವಾತಂತ್ರ್ಯ. ಶಾಲೆಗಳು ಇಂಗ್ಲಿಷಿನಲ್ಲಿಯೇ ಬೋಧಿಸಬೇಕೆಂದು ವಿಧಿಸುವ ರಾಜ್ಯದ ಅಧಿಕಾರವನ್ನು ಪ್ರಶ್ನಿಸುತ್ತಿಲ್ಲವೆಂದು ತೀರ್ಪೇ ಹೇಳುತ್ತದೆ.

ಸ್ವಾತಂತ್ರ್ಯದ ವಾದವು ಎರಡೂ ಕಡೆ ಹರಿತವಾದ ಕತ್ತಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಕರ್ನಾಟಕ ಸರಕಾರದ ಆದೇಶವು 2014ರ ಮೇ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದೆ ಬಿದ್ದದ್ದೂ ಆಯ್ಕೆಯ ಸ್ವಾತಂತ್ರ್ಯದ ಹೆಸರಿನಲ್ಲಿಯೇ. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಹೇಳಬೇಕಾದವರು ಪೋಷಕರೇ ಎಂದು ಆ ಪೀಠ ಹೇಳಿತು. ಒಂದು ಕಡೆ ಅಲ್ಪಸಂಖ್ಯಾತರ ನುಡಿಯನ್ನು ಉಳಿಸಿದ ಬಗೆಯ ತರ್ಕವೇ ಇನ್ನೊಂದು ಕಡೆ ಇಂಗ್ಲಿಷ್ ಮಾಧ್ಯಮಕ್ಕೆ ಬಾಗಿಲು ತೆರೆಯಿತು.

ಅಮೆರಿಕದಲ್ಲಿ ಭಾಷೆಗೆ ಎರಡನೆಯ ಆಸರೆ ಒದಗಿದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯಿಂದ. ಒಕ್ಕೂಟ ಸರಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ, ಮೂಲದೇಶಗಳ ಆಧಾರದಲ್ಲಿ ತಾರತಮ್ಯ ಮಾಡಕೂಡದೆಂದು ಅದರ ಆರನೆಯ ಭಾಗ ವಿಧಿಸುತ್ತದೆ. ಈ ಮೂರರಲ್ಲಿ ಭಾಷೆ ಸೇರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷು ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ವಿಶೇಷ ಬೋಧನೆಯೂ ಇಲ್ಲದೆ ತರಗತಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಅದೇ ಕೋಣೆ, ಅದೇ ಪುಸ್ತಕ, ಅದೇ ಅಧ್ಯಾಪಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲವೆಂದು 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಭಾಷೆಯ ಕೊರತೆಯಿಂದ ಹೊರಗುಳಿಸುವುದು ಮೂಲದೇಶದ ತಾರತಮ್ಯವೇ ಎಂಬುದು ಅದರ ತಾತ್ಪರ್ಯ. ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರಿಗೆ ಮುಖ್ಯವೆನಿಸಿದ್ದು ಸಂಖ್ಯೆ; ಒಂದೆರಡು ಮಕ್ಕಳಷ್ಟೇ ಇದ್ದಿದ್ದರೆ ಈ ತೀರ್ಪು ಅನ್ವಯಿಸುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಅವರು ಬರೆದರು. ತರಗತಿಗೆ ಹತ್ತು ಮಕ್ಕಳು ಅಥವಾ ಶಾಲೆಗೆ ನಲವತ್ತು ಮಕ್ಕಳಿದ್ದರೆ ಮಾತೃಭಾಷೆಯ ಬೋಧಕರು ಎಂಬ ಸೂತ್ರವನ್ನು ಬಲ್ಲ ಗಡಿನಾಡಿನ ಓದುಗರಿಗೆ ಈ ಲೆಕ್ಕಾಚಾರ ಅಪರಿಚಿತವಲ್ಲ.

ಈ ಆಸರೆ ಕುಸಿಯತೊಡಗಿದ್ದು 2001ರಲ್ಲಿ. ಅಲಬಾಮ ರಾಜ್ಯವು 1990ರಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯನ್ನಾಗಿಸಿ, ಆಮೇಲೆ ವಾಹನ ಚಾಲನಾ ಪರವಾನಿಗೆಯ ಪರೀಕ್ಷೆಯನ್ನು ಇಂಗ್ಲಿಷಿಗೆ ಸೀಮಿತಗೊಳಿಸಿತು. ಮಾರ್ತಾ ಸ್ಯಾಂಡೊವಲ್ ಎಂಬ ಮಹಿಳೆ ದಾವೆ ಹೂಡಿದರು; ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರು. ಸರ್ವೋಚ್ಚ ನ್ಯಾಯಾಲಯವು ಐದು-ನಾಲ್ಕರ ಬಹುಮತದಿಂದ ಅವರನ್ನು ಹಿಂದಕ್ಕೆ ಕಳುಹಿಸಿತು. ಪರೀಕ್ಷೆಯ ನಿಯಮ ಸರಿಯೋ ತಪ್ಪೋ ಎಂಬುದನ್ನು ನ್ಯಾಯಮೂರ್ತಿ ಸ್ಕಲಿಯಾ ಅವರ ತೀರ್ಪು ನಿರ್ಣಯಿಸಲಿಲ್ಲ. ಉದ್ದೇಶಪೂರ್ವಕ ತಾರತಮ್ಯದ ವಿರುದ್ಧ ವ್ಯಕ್ತಿ ದಾವೆ ಹೂಡಬಹುದು. ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ಮಾತ್ರ ತಾರತಮ್ಯ ಕಂಡರೆ ಖಾಸಗಿ ವ್ಯಕ್ತಿಗೆ ನ್ಯಾಯಾಲಯದ ದಾರಿಯಿಲ್ಲ, ಆ ನಿಯಮಗಳನ್ನು ಜಾರಿಗೊಳಿಸುವ ಹೊಣೆ ಸರಕಾರದ್ದು ಎಂದಿತು.

ಭಾಷೆಯ ವಿಷಯದಲ್ಲಿ ಈ ಭೇದವೇ ಮಾರಕವಾಯಿತು. ಒಂದು ಅರ್ಜಿನಮೂನೆ ಒಂದೇ ಭಾಷೆಯಲ್ಲಿರುವುದರ ಹಿಂದೆ ದ್ವೇಷವಿದೆಯೆಂದು ಸಾಬೀತುಪಡಿಸುವುದು ಹೇಗೆ? ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿರುವುದು ದ್ವೇಷವಲ್ಲ, ಉದಾಸೀನ. ಉದಾಸೀನಕ್ಕೆ ಉದ್ದೇಶದ ಪುರಾವೆ ಸಿಗುವುದಿಲ್ಲ. ಹೀಗೆ 2001ರ ಬಳಿಕ ರಕ್ಷಣೆಯ ಬಹುಭಾಗ ಸರಕಾರದ ಇಚ್ಛಾಶಕ್ತಿಯನ್ನೇ ಅವಲಂಬಿಸಿತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಕಾರ್ಯಾದೇಶವು ಪರಿಣಾಮ ಆಧಾರಿತ ತಾರತಮ್ಯದ ಸಿದ್ಧಾಂತವನ್ನು ಸಾಧ್ಯವಾದಷ್ಟು ಕೈಬಿಡುವಂತೆ ಇಲಾಖೆಗಳಿಗೆ ಸೂಚಿಸಿತು. ವ್ಯಕ್ತಿಯ ಕೈಯಿಂದ ತೆಗೆದು ಸರಕಾರಕ್ಕೆ ಒಪ್ಪಿಸಿದ್ದ ಕೀಲಿಯನ್ನು ಸರಕಾರವೇ ಕೆಳಗಿಟ್ಟಿತು.

ಭಾರತದ ಸಂವಿಧಾನ ಇದಕ್ಕೆ ಪ್ರತಿಯಾಗಿ ಭಾಷೆಯನ್ನು ಹೆಸರು ಹಿಡಿದೇ ಕರೆಯುತ್ತದೆ. 29 ಮತ್ತು 30ನೆಯ ವಿಧಿಗಳು ಭಾಷಾ ಅಲ್ಪಸಂಖ್ಯಾತರಿಗೆ ಮೂಲಭೂತ ಹಕ್ಕು ಕೊಡುತ್ತವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಹೊತ್ತಿನಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ ಪ್ರಾಥಮಿಕ ಹಂತದ ಮಾತೃಭಾಷಾ ಬೋಧನೆಯ 350-ಎ, ವಿಶೇಷಾಧಿಕಾರಿಯ ನೇಮಕದ 350-ಬಿ ವಿಧಿಗಳು ಬಂದವು. ಆದರೆ ಆ ಅಧಿಕಾರಿ ವಿಚಾರಣೆ ನಡೆಸಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಬಲ್ಲರೇ ಹೊರತು ಒಂದು ಶಾಲೆಗೆ ಒಬ್ಬ ಅಧ್ಯಾಪಕರನ್ನು ನೇಮಿಸಲಾರರು. ಇಲ್ಲಿ ಹಕ್ಕಿಗೆ ಹೆಸರಿದೆ, ಪರಿಹಾರದ ದಾರಿ ಉದ್ದ. ಅಲ್ಲಿ ಹೆಸರೇ ಇಲ್ಲ.

ಕಾರ್ಯಾದೇಶವೆಂಬುದು ಇಲಾಖೆಗಳಿಗೆ ಅಧ್ಯಕ್ಷರ ಅಪ್ಪಣೆ ಮಾತ್ರ. ಕಾಂಗ್ರೆಸ್ ಮಾಡಿದ ಶಾಸನವನ್ನು ಅದು ಅಳಿಸಲಾರದು. ಆದ್ದರಿಂದ ಕೆಲವು ಬೇಲಿಗಳು ಇನ್ನೂ ನಿಂತಿವೆ. ಮಕ್ಕಳ ಭಾಷಾ ತೊಡಕನ್ನು ನೀಗಲು ಶಾಲೆಗಳು ತಕ್ಕ ಕ್ರಮ ಕೈಗೊಳ್ಳಬೇಕೆಂಬ 1974ರ ಸಮಾನ ಶಿಕ್ಷಣಾವಕಾಶ ಕಾಯಿದೆ ಅವುಗಳಲ್ಲಿ ಒಂದು. ಅದರಡಿ ವ್ಯಕ್ತಿಯೇ ದಾವೆ ಹೂಡಬಹುದು. ಮತದಾನದ ಹಕ್ಕುಗಳ ಕಾಯಿದೆಗೆ 1975ರಲ್ಲಿ ಸೇರಿದ 203ನೆಯ ಪ್ರಕರಣ ಇನ್ನೊಂದು. ಇಂಗ್ಲಿಷು ಸಾಕಷ್ಟು ಬಾರದ ಒಂದು ಭಾಷಾ ಸಮುದಾಯದ ಮತದಾರ ವಯಸ್ಸಿನ ಪೌರರು ಒಂದು ಕೌಂಟಿಯಲ್ಲಿ 10,000ಕ್ಕೆ ಅಥವಾ ಶೇಕಡಾ 5ಕ್ಕೆ ಮೀರಿದ್ದು, ಅವರ ಅನಕ್ಷರತೆ ರಾಷ್ಟ್ರದ ಸರಾಸರಿಗಿಂತ ಹೆಚ್ಚಿದ್ದರೆ, ಚುನಾವಣಾ ಸಾಮಗ್ರಿ ಅವರ ಭಾಷೆಯಲ್ಲಿಯೂ ಸಿದ್ಧವಾಗಬೇಕು. ಸ್ಪ್ಯಾನಿಷ್ ಮೂಲದವರು, ಏಷ್ಯನ್ನರು, ಅಮೆರಿಕದ ಮೂಲನಿವಾಸಿಗಳು, ಅಲಾಸ್ಕದ ಆದಿವಾಸಿಗಳು ಮಾತ್ರ ಇದರ ವ್ಯಾಪ್ತಿಗೆ ಬರುತ್ತಾರೆ. 2011ರ ಗಣನೆಯಲ್ಲಿ ಭಾರತೀಯ ಮೂಲದವರೂ ಈ ಮಿತಿ ದಾಟಿದ್ದರಿಂದ ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ಮತಪತ್ರದಲ್ಲಿ ಬಂಗಾಳಿ ಲಿಪಿ ಕಾಣಿಸಿಕೊಂಡಿತು. ಈ ಪ್ರಕರಣಕ್ಕೂ ಅವಧಿಯುಂಟು. ಕಾಂಗ್ರೆಸ್ ಮತ್ತೆ ವಿಸ್ತರಿಸದಿದ್ದರೆ 2032ರ ಆಗಸ್ಟ್‌ನಲ್ಲಿ ಅದು ಮುಗಿಯುತ್ತದೆ.